ಮನೆಯೊಳಗೆ ಪುಟ್ಟ ಮಕ್ಕಳ ಬಣ್ಣದಾಟ: ಯಾವ ವಯಸ್ಸಿಗೆ ಯಾವುದು, ಯಾವುದು ಬೇಡ

ಮಗುವಿಗೆ ಬಣ್ಣ ಕೊಡುವುದೇನೂ ಕಷ್ಟವಲ್ಲ. ಇಪ್ಪತ್ತು ನಿಮಿಷ ತಯಾರಿ ಮಾಡಿ ಕೂರಿಸಿದರೆ ಐದನೇ ನಿಮಿಷಕ್ಕೆ ಅದು ಎದ್ದು ಹೋಗುತ್ತದೆ, ಆಮೇಲೆ ಅರ್ಧ ಗಂಟೆ ನೀವು ನೆಲ ಒರೆಸುತ್ತಿರುತ್ತೀರಿ. ಕಷ್ಟ ಅಲ್ಲಿದೆ. ಫೋಟೊದಲ್ಲಿ ಎಲ್ಲ ಬಣ್ಣದಾಟಗಳೂ ಚೆಂದವಾಗಿಯೇ ಕಾಣುವುದರಿಂದ, ಚಿತ್ರ ಹೇಗೆ ಬರುತ್ತದೆ ಎಂದು ನೋಡಿ ಆರಿಸಿದರೆ ಆಯ್ಕೆ ತಪ್ಪುವುದೇ ಹೆಚ್ಚು. ಮೂರು ವಿಷಯ ನೋಡಿಕೊಳ್ಳಿ. ಕೈಗೆ ಸಿಕ್ಕಿದ್ದನ್ನು ಮಗು ಇನ್ನೂ ಬಾಯಿಗೆ ಹಾಕುತ್ತದೆಯೇ? ಹಿಡಿತ ಮುಷ್ಟಿಯದೋ, ಬೆರಳುಗಳದೋ? ಆಟ ಮುಗಿದ ಮೇಲೆ ತೊಳೆಯಲು ನಿಮ್ಮ ಕೈಯಲ್ಲಿ ಎಷ್ಟು ಹೊತ್ತಿದೆ? ಇಷ್ಟಕ್ಕೆ ಉತ್ತರ ಸಿಕ್ಕರೆ ಹತ್ತು ಆಯ್ಕೆಗಳು ಎರಡೋ ಮೂರೋ ಆಗಿ ಉಳಿಯುತ್ತವೆ.

ಹಿಡಿತದ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಒಂದೂವರೆ ವರ್ಷದ ಆಸುಪಾಸಿನಲ್ಲಿ ಮಗು ಕುಂಚವನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ, ಕೈ ಆಡುವುದು ಭುಜದಿಂದ. ಮೂರರ ಹೊತ್ತಿಗೆ ಮೊಣಕೈ, ಮಣಿಕಟ್ಟು ಹದಕ್ಕೆ ಬರುತ್ತವೆ. ಮೂರು ಬೆರಳಲ್ಲಿ ಹಿಡಿಯುವುದು ಸಾಮಾನ್ಯವಾಗಿ ನಾಲ್ಕು–ಐದು ವರ್ಷಕ್ಕೆ. ಎರಡು ವರ್ಷದ ಮಗುವಿಗೆ ತೆಳ್ಳನೆಯ ಕುಂಚ, ನೋಟ್‌ಬುಕ್ ಅಳತೆಯ ಹಾಳೆ ಕೊಟ್ಟರೆ ಗೆರೆ ಹಾಳೆ ದಾಟಿ ಮೇಜಿಗೆ ಹೋಗುತ್ತದೆ. ಅದು ತುಂಟತನವಲ್ಲ, ಭುಜದಿಂದ ಬೀಸಿದ ಕೈ ಅಷ್ಟು ಚಿಕ್ಕ ಜಾಗದಲ್ಲಿ ನಿಲ್ಲುವುದೇ ಇಲ್ಲ. ಗಿಡ್ಡ ಹಿಡಿಯ ದಪ್ಪ ಕುಂಚ, ಕನಿಷ್ಠ ಎ3 ಅಳತೆಯ (ಮಾಮೂಲಿ ಎ4 ಪ್ರಿಂಟರ್ ಹಾಳೆಯ ಎರಡರಷ್ಟು) ಹಾಳೆ ಕೊಡಿ.

ಮೊದಲು ಬಣ್ಣದ ಆಯ್ಕೆ

ಯಾವ ಆಟ ಎನ್ನುವುದಕ್ಕಿಂತ ಯಾವ ಬಣ್ಣ ಎನ್ನುವುದೇ ನಿಮ್ಮ ಸಂಜೆಯನ್ನು ಉಳಿಸುತ್ತದೆ ಅಥವಾ ಕೆಡಿಸುತ್ತದೆ.

ಡಬ್ಬಿಯ ಮೇಲೆ ‘ವಾಷಬಲ್’ ಎಂದು ಬರೆದಿರುವ ಟೆಂಪೆರಾ ಬಣ್ಣ ಮೊದಲ ಆಯ್ಕೆ. ಕೆನೆಯಷ್ಟು ಗಟ್ಟಿಯಾಗಿರುತ್ತದೆ, ಹಾಳೆಯನ್ನು ಚೆನ್ನಾಗಿ ಮುಚ್ಚುತ್ತದೆ, ಬಟ್ಟೆಗೆ ಬಿದ್ದರೂ ಒಣಗುವ ಮೊದಲು ತಣ್ಣೀರಲ್ಲಿ ಜಾಲಿಸಿದರೆ ಬಹುಪಾಲು ಹೋಗುತ್ತದೆ. ಮಾಮೂಲಿ ಪೋಸ್ಟರ್ ಕಲರ್ ನೋಡಲು ಹೀಗೇ ಇದ್ದರೂ ಬಟ್ಟೆ ಬಿಡುವುದರಲ್ಲಿ ಹಿಂದೆ. ಅದೇ ಮನೆಯಲ್ಲಿದ್ದರೆ ಒಂದು ಟೇಬಲ್ ಚಮಚ ಬಣ್ಣಕ್ಕೆ ಪಾತ್ರೆ ತೊಳೆಯುವ ದ್ರವದ ಮೂರು–ನಾಲ್ಕು ಹನಿ ಬೆರೆಸಿ, ತೊಳೆಯುವುದು ಸುಲಭವಾಗುತ್ತದೆ. ಹನಿ ಹೆಚ್ಚಾದರೆ ನೊರೆ ಬಂದು ಒಣಗಿದ ಮೇಲೆ ಹಾಳೆಯ ತುಂಬ ಗುಳ್ಳೆ ಒಡೆದ ಗುರುತು ಉಳಿಯುತ್ತದೆ. ಬಾಯಿಗೆ ಹಾಕುವ ಮಗುವಿಗೆ ಮಾತ್ರ ಈ ಉಪಾಯ ಬೇಡ.

ವಾಟರ್ ಕಲರ್ ಕೇಕ್ ನಾಲ್ಕು ವರ್ಷದ ನಂತರಕ್ಕೆ ಇರಲಿ. ಕುಂಚ ಒದ್ದೆ ಮಾಡಿ, ಕೇಕಿನ ಮೇಲೆ ಉಜ್ಜಿ, ಹಾಳೆಗೆ ಹಚ್ಚಿ, ಮತ್ತೆ ತೊಳೆದು ಇನ್ನೊಂದು ಬಣ್ಣಕ್ಕೆ ಹೋಗುವ ಸರಣಿ ಚಿಕ್ಕವರಿಗೆ ಉದ್ದವಾಯಿತು. ಹತ್ತು ನಿಮಿಷದಲ್ಲಿ ಹನ್ನೆರಡೂ ಕೇಕು ಕೆಸರಿನ ಬಣ್ಣಕ್ಕೆ ತಿರುಗಿರುತ್ತವೆ. ಕೊಡುವುದಾದರೆ ಐದು ನಿಮಿಷ ಮೊದಲೇ ಪ್ರತಿ ಕೇಕಿಗೆ ಎರಡು ಹನಿ ನೀರು ಬಿಟ್ಟಿಡಿ. ಬಣ್ಣ ಮೆತ್ತಗಾಗಿ ಒಂದೇ ಸಲಕ್ಕೆ ಕುಂಚಕ್ಕೆ ಬರುತ್ತದೆ, ಮಗು ಕುಂಚದ ಕೂದಲು ಮುರಿಯುವಂತೆ ತಿಕ್ಕುವುದು ತಪ್ಪುತ್ತದೆ.

ಅಕ್ರಿಲಿಕ್ ಬೇಡವೇ ಬೇಡ. ನೀರಲ್ಲಿ ಕರಗುತ್ತದೆಂದು ಕೊಟ್ಟುಬಿಡುವವರಿದ್ದಾರೆ. ಒಣಗಿದ ಮೇಲೆ ಅದು ಪ್ಲಾಸ್ಟಿಕ್ಕಿನ ಪೊರೆ, ಸೋಪಿಗೂ ನೀರಿಗೂ ಬಗ್ಗುವುದಿಲ್ಲ. ಅಂಗಿ ಹೋದಂತೆಯೇ.

ಫುಡ್ ಕಲರ್ ಬಾಯಿಗೆ ಹೋದರೆ ಭಯವಿಲ್ಲ ನಿಜ, ಕಲೆಯ ವಿಷಯದಲ್ಲಿ ಮಾತ್ರ ಎಲ್ಲಕ್ಕಿಂತ ಜಿಗುಟು. ಟೆಂಪೆರಾದಲ್ಲಿರುವುದು ಕರಗದ ಪುಡಿ, ನೂಲಿನ ಮೇಲೆ ಕೂತಿರುತ್ತದೆ. ಫುಡ್ ಕಲರ್ ನೀರಲ್ಲಿ ಕರಗಿದ ಬಣ್ಣ, ನೂಲಿನೊಳಕ್ಕೇ ಇಳಿಯುತ್ತದೆ. ಚರ್ಮದ ಮೇಲೂ ಒಂದೆರಡು ದಿನ ನಿಲ್ಲುತ್ತದೆ.

ಇನ್ನು ಲೇಬಲ್. ‘ನಾನ್ ಟಾಕ್ಸಿಕ್’ ಎಂದರೆ ತಿನ್ನಬಹುದು ಎಂದಲ್ಲ. ಬಳಸುವ ರೀತಿಯಲ್ಲಿ ಬಳಸಿದಾಗ, ಅಪ್ಪಿತಪ್ಪಿ ಸ್ವಲ್ಪ ನಾಲಿಗೆಗೆ ತಾಗಿದರೂ ಹಾನಿಯಿಲ್ಲ ಎನ್ನುವಷ್ಟೇ ಅರ್ಥ. ಎಎಸ್‌ಟಿಎಂ ಡಿ-4236 ಎಂಬ ಅಮೆರಿಕದ ಗುರುತನ್ನು ಹಲವರು ಸುರಕ್ಷತೆಯ ಮುದ್ರೆ ಎಂದುಕೊಂಡಿದ್ದಾರೆ. ಅದು ಲೇಬಲ್ ಹೇಗಿರಬೇಕು ಎಂಬ ನಿಯಮ, ಅಪಾಯವಿದ್ದರೆ ಅದನ್ನು ಬರೆದಿರಬೇಕು ಎನ್ನುತ್ತದೆ. ಆದ್ದರಿಂದ ಆ ಸಂಖ್ಯೆಯ ಜೊತೆಗಿರುವ ಎಚ್ಚರಿಕೆಯನ್ನೂ ಓದಿ. ಬೆರಳಲ್ಲಿ ಹಚ್ಚುವ ಬಣ್ಣಕ್ಕೆ ಯುರೋಪಿನ ಪ್ರತ್ಯೇಕ ಮಾನದಂಡವಿದೆ, ಇಎನ್ 71-7. ಮಗು ನೆಕ್ಕುತ್ತಾ ಹೋಗಬಾರದೆಂದು ಅದರ ಪ್ರಕಾರ ಬಣ್ಣಕ್ಕೆ ಕಹಿ ಪದಾರ್ಥ ಸೇರಿಸಿರುತ್ತಾರೆ. ಒಮ್ಮೆ ನೆಕ್ಕಿ ಮುಖ ಕಿವುಚಿದ ಮಗು ಬಹುತೇಕ ಮತ್ತೆ ನೆಕ್ಕುವುದಿಲ್ಲ.

ಎಲ್ಲವನ್ನೂ ಬಾಯಿಗೆ ಹಾಕುವ ವಯಸ್ಸು: ಮೂರು ದಾರಿ

ಒಂದರಿಂದ ಎರಡೂವರೆ ವರ್ಷದವರೆಗೆ ಹೊಂದುವ ಆಯ್ಕೆಗಳು ಮೂರು: ಬರೀ ನೀರು, ಕವರಿನೊಳಗಿನ ಬಣ್ಣ, ಮನೆಯಲ್ಲೇ ಬೇಯಿಸಿದ ಬೆರಳ ಬಣ್ಣ. ರೇಜಿಗೆ ಏರುತ್ತಾ ಹೋಗುವ ಕ್ರಮವೂ ಇದೇ.

ನೀರಿನ ಚಿತ್ರಕ್ಕೆ ಬೇಕಾದ್ದು ಕಪ್ಪು ಸ್ಲೇಟು ಅಥವಾ ಹೊಳಪಿಲ್ಲದ ಗಾಢ ಬಣ್ಣದ ಕಲ್ಲು, ಒಂದು ದಪ್ಪ ಕುಂಚ, ಕಾಲು ಲೋಟ ನೀರು. ಒದ್ದೆಯಾದ ಜಾಗ ಕಪ್ಪಗೆ ಕಾಣುತ್ತದೆ, ಆರಿದಂತೆ ಮಾಯವಾಗುತ್ತದೆ, ಮತ್ತೆ ಬರೆಯಬಹುದು. ಮೆರುಗಿನ ಟೈಲ್ಸ್ ಮೇಲೆ ಇದು ನಡೆಯುವುದಿಲ್ಲ, ನೀರು ಹೀರದಿದ್ದರೆ ಬಣ್ಣ ಬದಲಾಗುವುದೂ ಇಲ್ಲ. ಕಪ್ಪು ಚಾರ್ಟ್ ಶೀಟ್ ಆಗುತ್ತದೆ, ಆದರೆ ಒಂದೇ ಜಾಗದಲ್ಲಿ ಉಜ್ಜಿದರೆ ಮೇಲ್ಪದರ ಎದ್ದು ಉಂಡೆಗಟ್ಟುತ್ತದೆ. ತಯಾರಿ ಎರಡು ನಿಮಿಷ, ತೊಳೆಯುವುದು ಸೊನ್ನೆ. ಬಣ್ಣವಿಲ್ಲದ ಬಣ್ಣದಾಟವೆಂದು ಇದನ್ನು ಕಡೆಗಣಿಸಬೇಡಿ. ಹದಿನೆಂಟು ತಿಂಗಳ ಮಗುವಿಗೆ ಕುಂಚ ಹಿಡಿಯುವುದೇ ಹೊಸ ಕಸುಬು, ಅದನ್ನು ಕಲಿಯಲು ಇಷ್ಟು ಸಾಕು.

ಕವರಿನಾಟಕ್ಕೆ ದಪ್ಪನೆಯ ಜಿಪ್‌ಲಾಕ್ ಕವರ್ ಬೇಕು. ಫ್ರೀಜರಿಗೆಂದು ಮಾರುವುದು ಗಟ್ಟಿ, ತೆಳ್ಳನೆಯದು ಉಗುರು ತಾಗಿ ಹರಿಯುತ್ತದೆ. ಎರಡು ಬಣ್ಣ ಸಾಕು, ಒಂದೊಂದೂ ಒಂದು ಟೇಬಲ್ ಚಮಚದಷ್ಟು, ಕವರಿನ ಎರಡು ಮೂಲೆಗೆ ಹಾಕಿ. ಕವರನ್ನು ಮೇಜಿನ ಮೇಲೆ ಮಲಗಿಸಿ ಅಂಗೈಯಿಂದ ಗಾಳಿ ಹೊರದಬ್ಬಿ ಜಿಪ್ ಮುಚ್ಚಿ. ಗಾಳಿ ಉಳಿದರೆ ಬಣ್ಣ ಒಂದು ಕಡೆಗೆ ಸರಿದು, ಮಗು ಗುದ್ದಿದಾಗ ಜಿಪ್ ಬಾಯಿಬಿಡುತ್ತದೆ. ಜಿಪ್ಪಿನ ಮೇಲೊಂದು ಅಗಲ ಟೇಪು, ಆಮೇಲೆ ನಾಲ್ಕೂ ಅಂಚನ್ನು ಮೇಜಿಗೋ ಕಿಟಕಿ ಗಾಜಿಗೋ ಅಂಟಿಸಿ. ಗಾಜಿನ ಮೇಲೆ ಬೆಳಕು ಹಾದು ಬಣ್ಣ ಇನ್ನಷ್ಟು ತೆರೆದುಕೊಳ್ಳುತ್ತದೆ, ನಿಂತು ಮಾಡುವುದರಿಂದ ಭುಜಕ್ಕೂ ಕೆಲಸ. ಒಳಗೆ ಹಾಳೆ ಇಟ್ಟು ಚಿತ್ರ ಉಳಿಸಿಕೊಳ್ಳುವ ಆಸೆಯಿದ್ದರೆ ಹಾಳೆ ದಪ್ಪಗಿರಲಿ, ಕವರಿಗಿಂತ ಸುತ್ತ ಎರಡು ಸೆಂ.ಮೀ. ಚಿಕ್ಕದಿರಲಿ. ಆಗ ಬಣ್ಣವನ್ನು ಟೀ ಚಮಚದ ಅಳತೆಗೆ ಇಳಿಸಿ. ಮುಗಿದ ಮೇಲೆ ಜಿಪ್ಪಿನ ಬಾಯಿಂದ ಎಳೆಯಬೇಡಿ, ಬಣ್ಣವೆಲ್ಲ ಅಂಚಿಗೆ ಉಜ್ಜಿಕೊಳ್ಳುತ್ತದೆ. ಕವರನ್ನು ಎರಡು ಬದಿ ಕತ್ತರಿಸಿ ಪುಸ್ತಕದ ಹಾಗೆ ತೆರೆಯಿರಿ. ಒಳಗೇ ಬಿಟ್ಟರೆ ಹಾಳೆ ಆರದೆ ಕೆಲವೇ ದಿನದಲ್ಲಿ ಬೂಸು ಹಿಡಿಯುತ್ತದೆ. ಅಂಟಿಸದ ಬಿಡಿ ಕವರನ್ನು ಮಾತ್ರ ಮಗುವಿನ ಕೈಗೆ ಕೊಡಬೇಡಿ, ಮುಖಕ್ಕೆ ಮೆತ್ತಿಕೊಂಡರೆ ಉಸಿರು ಕಟ್ಟುತ್ತದೆ.

ಬೆರಳ ಬಣ್ಣಕ್ಕೆ ಅರ್ಧ ಕಪ್ ಕಾರ್ನ್‌ಫ್ಲೋರ್, ಎರಡು ಕಪ್ ನೀರು. ಹಿಟ್ಟನ್ನು ಮೊದಲು ತಣ್ಣೀರಲ್ಲೇ ಗಂಟಿಲ್ಲದಂತೆ ಕದಡಿ, ಆಮೇಲೆ ಸಣ್ಣ ಉರಿಗೆ ಇಡಿ. ಬಿಸಿನೀರಿಗೆ ಹಿಟ್ಟು ಸುರಿದರೆ ಹೊರಪದರ ತಕ್ಷಣ ಬೆಂದು ಒಳಗೆ ಒಣಹಿಟ್ಟು ಸಿಕ್ಕಿಕೊಳ್ಳುತ್ತದೆ, ಆ ಗಂಟು ಎಷ್ಟು ಕಲಕಿದರೂ ಕರಗದು. ತಳ ಹಿಡಿಯದಂತೆ ಕೈ ಆಡಿಸುತ್ತಿರಿ. ಹಾಲಿನ ಬಿಳುಪು ಹೋಗಿ ಅರೆಪಾರದರ್ಶಕವಾಗಿ, ಗುಳುಗುಳು ಗುಳ್ಳೆ ಬಂದ ಕೂಡಲೇ ಇಳಿಸಿ. ಆರುತ್ತಾ ಇನ್ನೂ ಗಟ್ಟಿಯಾಗುವುದರಿಂದ ಒಲೆಯ ಮೇಲಿರುವಾಗ ಸ್ವಲ್ಪ ತೆಳ್ಳಗೇ ಇರಬೇಕು. ಹೆಚ್ಚು ಗಟ್ಟಿಯಾದರೆ ಬೆಚ್ಚನೆಯ ನೀರನ್ನು ಚಮಚ ಚಮಚವಾಗಿ ಸೇರಿಸಿ. ಪೂರ್ತಿ ತಣ್ಣಗಾದ ಮೇಲೆ ಬಟ್ಟಲುಗಳಿಗೆ ಹಂಚಿ, ಕಾಲು ಕಪ್ಪಿಗೆ ಮೂರು–ನಾಲ್ಕು ಹನಿ ಫುಡ್ ಕಲರ್. ಬಣ್ಣ ಪೇಲವ ಅನ್ನಿಸಿದರೂ ಅಲ್ಲಿಗೇ ನಿಲ್ಲಿಸಿ, ಇನ್ನೂ ಹಾಕಿದರೆ ಕೈಗಳು ಎರಡು ದಿನ ಹಸಿರಾಗಿರುತ್ತವೆ. ಫ್ರಿಜ್‌ನಲ್ಲಿ ಮುಚ್ಚಿಟ್ಟರೆ ನಾಲ್ಕೈದು ದಿನ ಬರುತ್ತದೆ. ಮೇಲೆ ನೀರು ಬಿಟ್ಟುಕೊಂಡರೆ ಕಲಕಿದರಾಯಿತು, ಹುಳಿ ವಾಸನೆ ಬಂದರೆ ಚೆಲ್ಲಿ.

ಬೇಯಿಸದ ಹಿಟ್ಟಿಗೆ ನೀರು, ಬಣ್ಣ ಬೆರೆಸಿ ಕೊಡುವ ವಿಧಾನವೂ ಚಾಲ್ತಿಯಲ್ಲಿದೆ. ಹಸಿ ಗೋಧಿಹಿಟ್ಟು, ಮೈದಾಗಳಲ್ಲಿ ರೋಗ ತರುವ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಬಾಯಿಗೆ ಹಾಕುವ ವಯಸ್ಸಿಗೆ ಅದು ಬೇಡ. ಕೆಡದಿರಲೆಂದು ಕೈತುಂಬ ಉಪ್ಪು ಸುರಿಯುವುದೂ ಬೇಡ, ಪುಟ್ಟ ಮಗುವಿನ ಹೊಟ್ಟೆಗೆ ಹೆಚ್ಚು ಉಪ್ಪು ಹೋಗುವುದು ನಿಜಕ್ಕೂ ಅಪಾಯ.

ಬೆರಳ ಬಣ್ಣವನ್ನು ಮಾಮೂಲಿ ಹಾಳೆಯ ಮೇಲೆ ಕೊಟ್ಟರೆ ಎರಡೇ ನಿಮಿಷದಲ್ಲಿ ಹಾಳೆ ನೆನೆದು ತೂತು ಬೀಳುತ್ತದೆ. ಅಂಚಿರುವ ಟ್ರೇಯ ಮೇಲೇ ಎರಡು ಚಮಚ ಬಣ್ಣ ಹಾಕಿ ಆಡಲು ಬಿಡಿ. ಬೆರಳಿನ ಗೆರೆಗಳು ಮೂಡಿದಾಗ ಮೇಲೊಂದು ಹಾಳೆ ಹಾಸಿ, ಅಂಗೈಯಿಂದ ಸವರಿ, ಒಂದು ಮೂಲೆಯಿಂದ ಎತ್ತಿದರೆ ಆ ಗೆರೆಗಳೇ ಅಚ್ಚಾಗಿ ಬರುತ್ತವೆ.

ಮೂರರಲ್ಲಿ ಒಂದೇ ಆರಿಸಬೇಕೆಂದರೆ ನಮ್ಮ ಮತ ಟ್ರೇಯ ಮೇಲಿನ ಬೆರಳ ಬಣ್ಣಕ್ಕೆ. ಕವರಿನಲ್ಲಿ ಮಗುವಿಗೆ ಸಿಗುವುದು ನೋಟ ಮಾತ್ರ, ಬಣ್ಣದ ತಣ್ಪೂ ಜಾರುವಿಕೆಯೂ ಬೆರಳಿಗೆ ತಾಗುವುದಿಲ್ಲ. ಕೈ ಅಂಟಾದರೆ ಅಳುವ ಮಕ್ಕಳೂ ಇದ್ದಾರೆ, ಅವರನ್ನು ಒತ್ತಾಯ ಮಾಡದೆ ಕವರಿನಿಂದ ಶುರು ಮಾಡಿ.

ಅಚ್ಚೋ, ಮಡಿಕೆಯೋ

ಎರಡೂವರೆ ದಾಟಿದ ಮಗು ‘ನಾನು ಮಾಡಿದೆ’ ಎಂದು ತೋರಿಸಲು ಇಷ್ಟಪಡುತ್ತದೆ. ಈ ಹಂತಕ್ಕೆ ಹೇಳಿ ಮಾಡಿಸಿದ್ದು ಅಚ್ಚು ಮತ್ತು ಮಡಿಕೆ ಚಿತ್ರ.

ಆಲೂಗಡ್ಡೆ ಅಚ್ಚು ಹಳೆಯ ಆಟ, ಆದರೂ ಬಹುಪಾಲು ಸಲ ಕೆಡುತ್ತದೆ. ಕಾರಣಗಳು ಮೂರು. ಒಂದು, ಆಲೂಗಡ್ಡೆಯನ್ನು ಹಿಂದೆ ಮುಂದೆ ಕೊಯ್ದರೆ ಮುಖ ಅಂಕುಡೊಂಕಾಗಿ ಅಚ್ಚಿನ ನಡುವೆ ಬಿಳಿ ಉಳಿಯುತ್ತದೆ. ಅಗಲ ಚಾಕುವಿನಿಂದ ಒಂದೇ ಒತ್ತಿಗೆ ಕತ್ತರಿಸಿ. ಎರಡು, ಕತ್ತರಿಸಿದ ಮುಖದಿಂದ ನೀರು ಒಸರುತ್ತದೆ, ಬಣ್ಣ ತೆಳುವಾಗಿ ಜಾರುತ್ತದೆ. ಒಣಬಟ್ಟೆಯ ಮೇಲೆ ಹತ್ತು ನಿಮಿಷ ಬೋರಲಿಟ್ಟು ಒರೆಸಿ. ಮೂರು, ಬಣ್ಣದ ಬಟ್ಟಲಿಗೆ ನೇರವಾಗಿ ಅದ್ದಿದರೆ ಬಣ್ಣ ವಿಪರೀತವಾಗುತ್ತದೆ, ಒತ್ತಿದ ಕೂಡಲೇ ಅಂಚಿನಿಂದ ಹೊರಚಿಮ್ಮಿ ಆಕಾರವೇ ಕಾಣದು. ಚಪ್ಪಟೆ ತಟ್ಟೆಯಲ್ಲಿ ಎರಡು ಮಡಿಕೆ ಹಳೆ ಬಟ್ಟೆ ಹಾಸಿ, ಅದರ ಮೇಲೆ ಎರಡು ಟೇಬಲ್ ಚಮಚ ಗಟ್ಟಿ ಬಣ್ಣ ಸವರಿ. ಮಗು ಆ ಗಾದಿಯ ಮೇಲೆ ಒತ್ತಿ ಹಾಳೆಗೆ ಒತ್ತಲಿ. ಹಾಳೆಯ ಕೆಳಗೆ ನಾಲ್ಕು ಪದರ ದಿನಪತ್ರಿಕೆ ಇದ್ದರೆ ಅಚ್ಚು ಇಡಿಯಾಗಿ ಕೂರುತ್ತದೆ, ಗಟ್ಟಿ ಮೇಜಿನ ಮೇಲೆ ಅರ್ಧಂಬರ್ಧ.

ಪುಟ್ಟ ಕೈಗೆ ಅರ್ಧ ಆಲೂಗಡ್ಡೆ ಜಾರುತ್ತದೆ. ಬೆನ್ನಿನ ಎರಡು ಕಡೆ ಕಚ್ಚು ತೆಗೆದು ಹಿಡಿ ಮಾಡಿ. ಬೆಂಡೆಕಾಯಿಯ ತೊಟ್ಟಿನ ಕಡೆಯ ತುಂಡು ಹಿಡಿಯಲು ಇನ್ನೂ ಸುಲಭ, ಕೊರೆಯದೆಯೇ ಹೂವಿನ ಅಚ್ಚು ಬರುತ್ತದೆ. ಲೋಳೆ ಆರಲು ಕಾಲು ಗಂಟೆ ಬಿಡಬೇಕು ಅಷ್ಟೆ. ಸ್ಪಂಜಿನ ತುಂಡಾದರೆ ಮೊದಲು ನೀರಲ್ಲಿ ಅದ್ದಿ ಹಿಂಡಿ, ಒಣ ಸ್ಪಂಜು ಅರ್ಧ ಬಣ್ಣ ತಾನೇ ಕುಡಿದುಬಿಡುತ್ತದೆ. ಎರಡು ವರ್ಷದವರು ಒತ್ತುವ ಬದಲು ಎಳೆದಾಡುತ್ತಾರೆ. ತಿದ್ದಲು ಹೋಗಬೇಡಿ, ಒಂದೆರಡು ಸಲ ‘ಟಪ್, ಟಪ್’ ಎಂದು ಪಕ್ಕದಲ್ಲಿ ಒತ್ತಿ ತೋರಿಸಿದರೆ ಸಾಕು.

ಮಡಿಕೆ ಚಿತ್ರಕ್ಕೆ ಇಷ್ಟೆಲ್ಲ ಬೇಡ. ಹಾಳೆಯನ್ನು ಬಣ್ಣ ಹಾಕುವ ಮೊದಲೇ ಮಡಚಿ ಗೆರೆ ತೀಡಿ, ಬಿಚ್ಚಿ, ಒಂದು ಅರ್ಧದ ಮೇಲಷ್ಟೇ ಬಟಾಣಿ ಗಾತ್ರದ ನಾಲ್ಕು ಬೊಟ್ಟು ಇಡಲಿ. ಮತ್ತೆ ಮಡಚಿ, ಮಡಿಕೆಯಿಂದ ಹೊರಗಿನ ಕಡೆಗೆ ಸವರಿ, ಕೂಡಲೇ ಬಿಚ್ಚಿ. ಚಿಟ್ಟೆ ಬಂತು ಎನ್ನುತ್ತೀರಿ, ಮಗು ಕಪ್ಪೆ ಎನ್ನುತ್ತದೆ, ಒಪ್ಪಿಕೊಳ್ಳಿ. ಬೊಟ್ಟು ಹೆಚ್ಚಾದರೆ ಅಂಚಿನಿಂದ ಬಣ್ಣ ಸೋರಿ ಮೇಜಿಗೆ ಇಳಿಯುತ್ತದೆ, ಮಡಚಿಟ್ಟು ಮರೆತರೆ ಎರಡು ಅರ್ಧಗಳೂ ಅಂಟಿ ಹರಿಯುತ್ತವೆ. ನಾಲ್ಕು ವರ್ಷದವರಿಗೆ ಇದರ ಮುಂದಿನ ಹೆಜ್ಜೆ ದಾರ: ಅರ್ಧ ಮೀಟರ್ ಹತ್ತಿಯ ದಾರವನ್ನು ಬಣ್ಣದಲ್ಲಿ ಅದ್ದಿ, ತುದಿ ಹೊರಗಿರುವಂತೆ ಮಡಿಕೆಯ ನಡುವೆ ಸುರುಳಿ ಹಾಕಿ, ಮೇಲೆ ಕೈಯೊತ್ತಿ ಹಿಡಿದು ಎಳೆಯುವುದು. ಒತ್ತುವುದಕ್ಕೆ ಒಬ್ಬರು, ಎಳೆಯುವುದಕ್ಕೆ ಒಬ್ಬರು ಬೇಕು.

ಹೊತ್ತು ಕಡಿಮೆಯಿದ್ದರೆ ಮಡಿಕೆ, ಮಗು ಒಂದು ಕಡೆ ಕೂರಬೇಕೆಂದರೆ ಅಚ್ಚು. ಮಡಿಕೆ ಚಿತ್ರ ಒಂದಕ್ಕೆ ಒಂದೇ ನಿಮಿಷ, ಹಾಳೆಗಳು ಖಾಲಿಯಾಗುವುದು ನೋಡುವಂತಿರುತ್ತದೆ.

ಟೇಪೋ, ಮೇಣವೋ

ಎರಡೂ ಒಂದೇ ತತ್ವ: ಬಣ್ಣ ತಾಗದ ಜಾಗ ಬಿಳಿಯಾಗಿ ಉಳಿಯಬೇಕು. ಕೆಲಸದ ರೀತಿ ಮಾತ್ರ ತೀರ ಬೇರೆ.

ಟೇಪಿನಾಟ ಮೂರು ವರ್ಷಕ್ಕೇ ಆಗುತ್ತದೆ. ಮಾಸ್ಕಿಂಗ್ ಟೇಪಿನಲ್ಲಿ ಮಗುವಿನ ಹೆಸರಿನ ಮೊದಲ ಅಕ್ಷರವನ್ನೋ ಬರೀ ಅಡ್ಡಾದಿಡ್ಡಿ ಪಟ್ಟಿಗಳನ್ನೋ ಅಂಟಿಸಿಕೊಡಿ. ಕನ್ನಡ ಅಕ್ಷರಗಳ ದುಂಡು ಟೇಪಿಗೆ ಬಗ್ಗುವುದು ಕಷ್ಟ, ಚಿಕ್ಕ ಚಿಕ್ಕ ತುಂಡು ಹರಿದು ಒಂದರ ಮೇಲೊಂದು ಏರಿಸುತ್ತಾ ಬಾಗು ತರಬೇಕು. ಪಾರದರ್ಶಕ ಸೆಲ್ಲೋ ಟೇಪು ಕಿತ್ತರೆ ಹಾಳೆಯೂ ಬರುತ್ತದೆ. ಮಾಸ್ಕಿಂಗ್ ಟೇಪನ್ನೂ ಮೊದಲು ಒಮ್ಮೆ ಅಂಗಿಯ ತೋಳಿಗೆ ಅಂಟಿಸಿ ಕಿತ್ತು, ಅಂಟು ಕಡಿಮೆಯಾದ ಮೇಲೆ ಹಾಳೆಗೆ ಹಾಕಿದರೆ ವಾಸಿ. ಬಣ್ಣ ಗಟ್ಟಿಯಿರಲಿ, ಸ್ಪಂಜಿನಿಂದ ತಟ್ಟಲಿ. ಕುಂಚದಿಂದ ಎಳೆದರೆ ಬಣ್ಣ ಟೇಪಿನ ಅಂಚಿನ ಕೆಳಗೆ ನುಗ್ಗುತ್ತದೆ. ಮುಟ್ಟಿದರೆ ಬೆರಳಿಗೆ ಅಂಟದ, ಆದರೆ ಪೂರ್ತಿ ಗರಿಗರಿಯಾಗದ ಹದದಲ್ಲಿ ಟೇಪನ್ನು ಹಿಂದಕ್ಕೆ ಮಡಚಿದಂತೆ ನಿಧಾನ ಎಳೆಯಿರಿ. ದಪ್ಪ ಬಣ್ಣ ಪೂರ್ತಿ ಒಣಗಿದರೆ ಟೇಪಿನ ಜೊತೆ ಚಕ್ಕೆ ಎದ್ದು ಬರುತ್ತದೆ.

ಮೇಣದ ಚಿತ್ರ ನಾಲ್ಕರ ಮೇಲಿನವರಿಗೆ. ಬಿಳಿ ಹಾಳೆಯ ಮೇಲೆ ಬಿಳಿ ಕ್ರೇಯಾನಿನಿಂದ ಒತ್ತಿ ಬರೆದು, ಮೇಲೆ ತೆಳು ವಾಟರ್ ಕಲರ್ ಹರಿಸಿದರೆ ಮೇಣ ನೀರನ್ನು ಒಲ್ಲೆ ಎನ್ನುತ್ತದೆ, ಅಡಗಿದ ಗೆರೆ ಎದ್ದು ಕಾಣುತ್ತದೆ. ಗೆರೆ ಏಳದಿದ್ದರೆ ಸಾಮಾನ್ಯವಾಗಿ ಒತ್ತು ಸಾಲದಿರುತ್ತದೆ, ಇಲ್ಲವೇ ಬಣ್ಣ ಗಟ್ಟಿಯಾಗಿರುತ್ತದೆ. ಗಟ್ಟಿ ಕ್ರೇಯಾನು ಹಾಳೆಗೆ ಮೇಣವನ್ನೇ ಬಿಡುವುದಿಲ್ಲ, ಆಯಿಲ್ ಪೇಸ್ಟಲ್ ಅಥವಾ ಮೇಣದ ಬತ್ತಿಯ ತುಂಡು ಮೇಲು. ಪೋಸ್ಟರ್ ಕಲರ್ ಮೇಣವನ್ನೂ ಮುಚ್ಚಿಬಿಡುವಷ್ಟು ಗಟ್ಟಿ, ಬೇರೇನೂ ಇಲ್ಲದಿದ್ದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ. ನೀಲಿ, ನೇರಳೆಯಂಥ ಗಾಢ ಬಣ್ಣ ಹರಿಸಿ, ಹಳದಿಯ ಮೇಲೆ ಬಿಳಿ ಗೆರೆ ಕಂಡೂ ಕಾಣದಂತಿರುತ್ತದೆ. ಬಿಳಿಯ ಮೇಲೆ ಬಿಳಿ ಬರೆಯುವಾಗ ತಾನು ಏನು ಬರೆದೆ ಎಂದು ಮಗುವಿಗೇ ಕಾಣುವುದಿಲ್ಲ. ಮೂರು ವರ್ಷದವರು ಇಲ್ಲೇ ಬೇಸರ ಪಡುತ್ತಾರೆ, ಅವರಿಗೆ ನೀವು ಬರೆದುಕೊಟ್ಟು ಬಣ್ಣ ಹಚ್ಚುವ ಸರದಿ ಬಿಡಿ.

ಉರುಳಿಸುವುದು, ಊದುವುದು

ಡಬ್ಬಿಯೊಳಗೆ ಹಾಳೆ ಹಾಸಿ, ಬಣ್ಣದಲ್ಲಿ ಅದ್ದಿದ ಗೋಲಿಗಳನ್ನು ಉರುಳಿಸುವ ಆಟಕ್ಕೆ ಓಡಾಡುವ ಮಕ್ಕಳು ಬೇಗ ಒಲಿಯುತ್ತಾರೆ. ಡಬ್ಬಿಯ ಅಂಚು ಐದು ಸೆಂ.ಮೀ. ಆದರೂ ಇರಲಿ, ಹಾಳೆ ತಳಕ್ಕೆ ಸರಿಯಾಗಿ ಕೂತು ನಾಲ್ಕು ಮೂಲೆಗೆ ಅಂಟಿರಲಿ. ಇಲ್ಲದಿದ್ದರೆ ಗೋಲಿ ಹಾಳೆಯಡಿಗೆ ಹೋಗುತ್ತದೆ. ಬಣ್ಣ ಒಂದು ಟೀ ಚಮಚ, ಗೋಲಿ ಮೂರೋ ನಾಲ್ಕೋ, ಎತ್ತಿ ಹಾಕಲು ಚಮಚ. ಬಣ್ಣ ಗಟ್ಟಿಯಾದರೆ ಗೋಲಿ ಅಂಟಿ ನಿಲ್ಲುತ್ತದೆ, ಹನಿ ನೀರು ಸೇರಿಸಿ.

ಗೋಲಿ ಮೂರು ವರ್ಷದೊಳಗಿನವರಿಗೆ ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತು. ದೊಡ್ಡದು ಕೊಟ್ಟರಾಯಿತು ಎಂದು ಟೇಬಲ್ ಟೆನಿಸ್ ಚೆಂಡು ಹುಡುಕುವವರು ಗಮನಿಸಿ: ಆ ವಯಸ್ಸಿನ ಆಟಿಕೆ ಚೆಂಡುಗಳಿಗೆ ಅಮೆರಿಕದ ಸುರಕ್ಷತಾ ಪರೀಕ್ಷೆಯ ಅಳತೆ 44.5 ಮಿ.ಮೀ., ಅಷ್ಟು ಅಗಲದ ರಂಧ್ರದಲ್ಲಿ ತೂರುವ ಚೆಂಡು ಅವರಿಗೆ ಸಲ್ಲದು. ಟೇಬಲ್ ಟೆನಿಸ್ ಚೆಂಡಿನ ವ್ಯಾಸ 40 ಮಿ.ಮೀ., ತೂರಿಯೇ ಬಿಡುತ್ತದೆ. ಟೆನಿಸ್ ಚೆಂಡು ಮತ್ತು ದೊಡ್ಡ ರಟ್ಟಿನ ಪೆಟ್ಟಿಗೆ ಆದೀತು.

ಸ್ಟ್ರಾದಿಂದ ಊದುವ ಚಿತ್ರ ನಾಲ್ಕು ವರ್ಷದ ಮೇಲೆಯೇ. ಅದಕ್ಕೆ ಮೊದಲು ಊದು ಎಂದರೆ ಹೀರುತ್ತಾರೆ. ಸ್ಟ್ರಾದ ಬಾಯಿ ಕಡೆ ತುದಿಯಿಂದ ಮೂರು ಸೆಂ.ಮೀ. ಕೆಳಗೆ ಸೂಜಿಯಿಂದ ಒಂದೆರಡು ತೂತು ಮಾಡಿದರೆ ಹೀರಿದಾಗ ಗಾಳಿಯೇ ಹೆಚ್ಚು ಬರುತ್ತದೆ, ಬಣ್ಣ ಮೇಲೇರುವುದು ಕಷ್ಟ. ಒಂದು ಪಾಲು ಬಣ್ಣಕ್ಕೆ ಎರಡು ಪಾಲು ನೀರು, ನುಣುಪು ಹಾಳೆ, ಸ್ಟ್ರಾ ಬಹುತೇಕ ಮಲಗಿದಂತೆ ಓರೆಯಾಗಿ. ನೇರ ಮೇಲಿಂದ ಊದಿದರೆ ಬಣ್ಣ ಮುಖಕ್ಕೆ ಹಾರುತ್ತದೆ. ಹೀರುವ ಗುಣದ ಒರಟು ಹಾಳೆಯಲ್ಲಿ ಬಣ್ಣ ಓಡುವುದೇ ಇಲ್ಲ. ಐದಾರು ಸಲ ಊದಿದ ಮೇಲೆ ಬಿಡುವು ಕೊಡಿ, ತಲೆ ಸುತ್ತುತ್ತದೆ. ಸ್ಟ್ರಾ ಒಬ್ಬೊಬ್ಬರಿಗೆ ಒಂದು.

ಸೊಗಸಾಗಿ ಕಂಡು ಕೈಕೊಡುವವು

ಬಣ್ಣದ ಐಸ್ ತುಂಡಿನಿಂದ ಬರೆಯುವುದು ಬೇಸಗೆಗೆ ಚೆನ್ನ, ಆದರೆ ಹಿಂದಿನ ರಾತ್ರಿಯೇ ಯೋಚಿಸಿರಬೇಕು. ನೀರು ಹೆಪ್ಪುಗಟ್ಟುತ್ತಾ ಬಣ್ಣವನ್ನು ಒಳಕ್ಕೆ ತಳ್ಳುವುದರಿಂದ ಹೊರಪದರ ಪೇಲವವಾಗಿರುತ್ತದೆ. ಮೊದಲ ಐದು ನಿಮಿಷ ಬರೀ ನೀರು ಬಂದಂತಾಗಿ ಮಗು ಬಿಟ್ಟು ಹೋಗುತ್ತದೆ, ಗಾಢ ಬಣ್ಣ ಬರುವ ಹೊತ್ತಿಗೆ ಯಾರೂ ಇರುವುದಿಲ್ಲ. ಫ್ರೀಜರಿನಿಂದ ತೆಗೆದ ಐಸ್ ಒದ್ದೆ ಬೆರಳಿಗೆ ಅಂಟಿಕೊಳ್ಳುತ್ತದೆ, ಐದು ನಿಮಿಷ ಹೊರಗಿಟ್ಟು ಕೊಡಿ. ಕರಗಿ ಚಿಕ್ಕದಾದ ತುಂಡು ಬಾಯಿಗೆ ಹೋಗಬಹುದಾದ್ದರಿಂದ ಚಿಕ್ಕವರಿಗೆ ಬಟ್ಟಲಲ್ಲಿ ಕಟ್ಟಿದ ದೊಡ್ಡ ಗಡ್ಡೆಯೇ ಇರಲಿ.

ಶೇವಿಂಗ್ ಫೋಮಿನ ಮೇಲೆ ಬಣ್ಣ ಸುಳಿಸಿ ಹಾಳೆಗೆ ಇಳಿಸುವುದು ನೋಡಲು ಬಹಳ ಚೆಂದ. ಕೆನೆಯಂತೆ ಕಾಣುವುದರಿಂದ ಮಕ್ಕಳು ತಿನ್ನಲು ಹೋಗುತ್ತಾರೆ, ಕಣ್ಣಿಗೆ ತಾಗಿದರೆ ಉರಿ. ಅಲ್ಲದೆ ನೊರೆ ಹರಡುವುದು, ಹಾಳೆ ಒತ್ತುವುದು, ಕೆರೆದು ತೆಗೆಯುವುದು ಎಲ್ಲ ದೊಡ್ಡವರ ಕೆಲಸ. ಐದು ವರ್ಷದೊಳಗಿನವರಿಗೆ ಇದನ್ನು ಬಿಟ್ಟರೆ ನಷ್ಟವೇನಿಲ್ಲ.

ಒಂದೇ ನೋಟಕ್ಕೆ (ಒಂದು ಮಗು, ಅಂದಾಜು ನಿಮಿಷಗಳು)

| ಆಟ | ವಯಸ್ಸು | ತಯಾರಿ | ತೊಳೆಯುವುದು | ಹಾಳೆ ಆರಲು |
|---|---|---|---|---|
| ನೀರಿನ ಚಿತ್ರ | 1+ | 2 | 0 | – |
| ಕವರಿನ ಬಣ್ಣ | 1+ | 10 | 2 | ಹಾಳೆ ಇಟ್ಟರೆ ಒಂದು ದಿನ |
| ಬೆರಳ ಬಣ್ಣ | 1½+ | 25, ಆರಿಸುವ ಹೊತ್ತು ಬೇರೆ | 20 | ಒಂದು ರಾತ್ರಿ |
| ಅಚ್ಚು | 2½+ | 20 | 10 | 30–60 ನಿಮಿಷ |
| ಮಡಿಕೆ | 2½+ | 3 | 5 | ಎರಡು ಗಂಟೆ |
| ಟೇಪು | 3+ | 10 | 10 | ಒಂದು ಗಂಟೆ |
| ಗೋಲಿ | 3+ | 8 | 8 | 30 ನಿಮಿಷ |
| ಮೇಣ | 4+ | 5 | 5 | 30–40 ನಿಮಿಷ |
| ಊದುವುದು | 4+ | 5 | 5 | ಒಂದು ಗಂಟೆ |

ಹಾಳೆ, ನೆಲ, ಕೈ

ಪ್ರಿಂಟರ್ ಹಾಳೆ ಸಾಮಾನ್ಯವಾಗಿ 70–80 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ ಗ್ರಾಂಗಳಲ್ಲಿ; ಸಂಖ್ಯೆ ಹೆಚ್ಚಿದಷ್ಟೂ ಹಾಳೆ ದಪ್ಪ). ನೀರು ತಾಗಿದ ಕಡೆ ಹಿಗ್ಗಿ ಅಲೆಅಲೆಯಾಗುತ್ತದೆ, ಬಣ್ಣ ತಗ್ಗಿಗೆ ಹರಿದು ನಿಲ್ಲುತ್ತದೆ. ಅಚ್ಚಿಗೂ ಮಡಿಕೆಗೂ 120ರಿಂದ 150 ಸಾಕು, ವಾಟರ್ ಕಲರಿಗೆ 200ರ ಮೇಲೆ ಬೇಕು. ಇದೊಂದೇ ಬದಲಾವಣೆಯಿಂದ ‘ನಮ್ಮ ಮಗುವಿಗೆ ಬಣ್ಣ ಬರುವುದಿಲ್ಲ’ ಎಂಬ ದೂರು ಅರ್ಧ ಕಡಿಮೆಯಾದೀತು. ನಾಲ್ಕು ಅಂಚನ್ನು ಟೇಪಿನಿಂದ ಮೇಜಿಗೆ ಅಂಟಿಸಿ, ಆರುವವರೆಗೆ ಕೀಳಬೇಡಿ.

ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಮಾತ್ರ ಹಾಸಿದರೆ ಬಿದ್ದ ಬಣ್ಣ ಅಲ್ಲೇ ನಿಂತು ಕಾಲಿಗೆ ಜಾರುತ್ತದೆ, ಮಗು ಅದೇ ಕಾಲಿನಲ್ಲಿ ಮನೆ ಸುತ್ತುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಹಳೆಯ ದುಪ್ಪಟಿ ಹಾಸಿ. ನೀರಿನ ಲೋಟಕ್ಕಿಂತ ಅಗಲ ತಳದ ಭಾರದ ಬಟ್ಟಲು ಒಳ್ಳೆಯದು, ಮೂರನೇ ಒಂದು ಭಾಗ ನೀರು ಸಾಕು. ಮುಖ್ಯವಾಗಿ, ಬಣ್ಣದ ಮುಚ್ಚಳ ತೆಗೆಯುವ ಮೊದಲೇ ಎರಡು ಒದ್ದೆ ಬಟ್ಟೆ ಕೈಯಳತೆಯಲ್ಲಿ ಇರಬೇಕು. ಬಟ್ಟೆ ತರಲು ನೀವು ಎದ್ದು ಹೋದ ಅರ್ಧ ನಿಮಿಷದಲ್ಲೇ ಗೋಡೆ ಹಾಳಾಗುವುದು.

ಒಂದು ಸಲಕ್ಕೆ ಒಂದು ಬಣ್ಣಕ್ಕೆ ಒಂದು ಟೀ ಚಮಚ. ಮುಗಿದರೆ ಮತ್ತೆ ಹಾಕಬಹುದು, ಬಾಟಲಿಯನ್ನು ಮಗುವಿನ ಕೈಗೆ ಕೊಟ್ಟರೆ ಪೂರ್ತಿ ಖಾಲಿಯಾಗುತ್ತದೆ. ಬಣ್ಣಗಳೂ ಎರಡೋ ಮೂರೋ ಸಾಕು. ಹಳದಿ–ಕೆಂಪು, ಹಳದಿ–ನೀಲಿ ಜೋಡಿಗಳು ಬೆರೆತರೂ ಚೆಂದ, ಅವುಗಳ ಜೊತೆ ಬಿಳಿಯನ್ನು ಧಾರಾಳವಾಗಿ ಕೊಡಿ. ಕೆಂಪು–ಹಸಿರು, ನೇರಳೆ–ಹಳದಿ ಸೇರಿದರೆ ಕಂದು ಕೆಸರು. ಕೆಂಪು–ನೀಲಿಯಿಂದ ನೇರಳೆ ಬರಬೇಕಿತ್ತಲ್ಲ, ಮಣ್ಣಿನ ಬಣ್ಣ ಏಕೆ ಬಂತು ಎಂದರೆ, ಡಬ್ಬಿಯ ಕೆಂಪು ಕಿತ್ತಳೆಯ ಕಡೆಗೆ ವಾಲಿರುತ್ತದೆ. ಮಜೆಂಟಾ ಬಳಸಿ ನೋಡಿ. ಕಪ್ಪನ್ನು ಡಬ್ಬಿಯಲ್ಲೇ ಇಡಿ. ಒಂದು ಹನಿ ಉಳಿದೆಲ್ಲವನ್ನೂ ನುಂಗುತ್ತದೆ.

ಬಟ್ಟೆಗೆ ಬಿದ್ದದ್ದನ್ನು ಒದ್ದೆಯಿರುವಾಗಲೇ, ಒಳಮಗ್ಗುಲಿನಿಂದ ತಣ್ಣೀರು ಹರಿಸಿ ತೆಗೆಯಿರಿ. ಬಿಸಿನೀರು, ಬಿಸಿಲು, ಇಸ್ತ್ರಿ ಮೂರೂ ಕಲೆ ಹೋದ ಮೇಲೆಯೇ. ಮೇಜಿನ ಮೇಲೆ ಒಣಗಿದ ಟೆಂಪೆರಾವನ್ನು ಉಗುರಿನಿಂದ ಕೆರೆಯುವ ಬದಲು ಒದ್ದೆ ಬಟ್ಟೆ ಹತ್ತು ನಿಮಿಷ ಹಾಸಿಟ್ಟರೆ ತಾನೇ ಏಳುತ್ತದೆ. ಕುಂಚಗಳನ್ನು ತೊಳೆದು ಕೂದಲು ಮೇಲಾಗಿ ನಿಲ್ಲಿಸುವ ಅಭ್ಯಾಸ ಹಲವರದು. ನೀರು ಹಿಡಿಯೊಳಕ್ಕೆ ಇಳಿದು ಅಂಟು ಬಿಟ್ಟು ಕೂದಲು ಉದುರುವುದು ಅದರಿಂದಲೇ. ಮೊದಲು ಮಲಗಿಸಿ ಒಣಗಿಸಿ, ಆಮೇಲೆ ನಿಲ್ಲಿಸಿ.

ಬಟ್ಟಲಲ್ಲಿ ಉಳಿದ ಬಣ್ಣವನ್ನು ಮತ್ತೆ ಡಬ್ಬಿಗೆ ಸುರಿಯಬೇಡಿ. ಬೇರೆ ಬಣ್ಣದ ಜೊತೆಗೆ ಮಗುವಿನ ಕೈಯ ಕೊಳೆಯೂ ಸೇರಿರುತ್ತದೆ, ಕೆಲವೇ ವಾರದಲ್ಲಿ ಡಬ್ಬಿ ನಾರುತ್ತದೆ. ಉಳಿದದ್ದನ್ನೆಲ್ಲ ಒಂದು ದೊಡ್ಡ ರಟ್ಟಿಗೆ ಸ್ಪಂಜಿನಿಂದ ಸವರಿಬಿಡಿ. ಮುಂದಿನ ಸಲ ಅಚ್ಚೊತ್ತಲು ಬಣ್ಣದ ಹಿನ್ನೆಲೆ ತಯಾರಾಗಿರುತ್ತದೆ.